ಬೀದಿಗಳ ಬಿಸಿ ಅಳೆದ ದಿನಗಳು

ಪಿಯುಸಿ ಮುಗಿದ ಬೇಸಿಗೆಯಲ್ಲಿ ನಾನು ಭೂಗೋಳ ಓದುತ್ತೇನೆ ಎಂದಾಗ ಅಪ್ಪ ಅಂಗಡಿಗೆ ಹೊರಟು ನಿಂತಿದ್ದರು. ಬೆಂಗಳೂರಿನ ಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ತಾತನ ಕಾಲದ್ದು. ನಾನು ಬಿ.ಕಾಂ. ಮಾಡಿ ಲೆಕ್ಕ ನೋಡಿಕೊಳ್ಳುತ್ತೇನೆ ಎಂದು ಅವರು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟಿದ್ದರು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವರು ಇನ್ನೊಂದನ್ನು ಮರೆತು ಕೇಳಿದರು:

"ಅಲ್ಲಮ್ಮಾ, ಭೂಮಿ ಮೇಲಿರೋದನ್ನೆಲ್ಲಾ ಆಗ್ಲೇ ಕಂಡುಹಿಡಿದಾಗಿದ್ಯಲ್ಲ. ನೀನು ಹೋಗಿ ಇನ್ನೇನು ನೋಡ್ತೀಯಾ?"

ಹೈಸ್ಕೂಲಿನಲ್ಲಿ ನಕಾಶೆ ಬರೆಯುವುದು ನನಗೆ ರಂಗೋಲಿ ಬಿಡಿಸಿದಷ್ಟೇ ಸಲೀಸಾಗಿ ಬರುತ್ತಿತ್ತು. ಗುಡ್ಡದ ಏರು ತಗ್ಗನ್ನು ಒಂದರೊಳಗೊಂದು ಗೆರೆ ಎಳೆದು ತೋರಿಸುವಾಗ, ಕಾಗದವೇ ಉಬ್ಬಿ ಮೇಲೆ ಬಂದಂತೆ ಅನ್ನಿಸುತ್ತಿತ್ತು. ಕಾರಣ ಅಷ್ಟೇ. ಅದನ್ನು ಪಾತ್ರೆ ಅಂಗಡಿಯ ಯಜಮಾನರಿಗೆ ಹೇಳುವುದು ಹೇಗೆ? ಕೊನೆಗೆ ಅಮ್ಮ ಅಡುಗೆಮನೆಯಿಂದಲೇ, "ಓದ್ಲಿ ಬಿಡಿ, ಅವಳಿಷ್ಟ" ಎಂದರು. ಅಪ್ಪ ಉಳಿದ ಚಪ್ಪಲಿ ಹಾಕಿಕೊಂಡು ಹೋದರು. ಆ ವಿಷಯ ನಮ್ಮ ಮನೆಯಲ್ಲಿ ಮತ್ತೆ ಚರ್ಚೆಗೆ ಬರಲಿಲ್ಲ.

ಡಿಗ್ರಿ ಮುಗಿಸಿ ಎಂ.ಎಸ್ಸಿ.ಗೆ ವಿಶ್ವವಿದ್ಯಾಲಯ ಸೇರಿದೆ. ಕ್ಯಾಂಪಸ್ ಊರಾಚೆ. ಎನ್.ಆರ್. ಕಾಲೋನಿಯ ನಮ್ಮ ಮನೆಯಿಂದ ಎರಡು ಬಸ್ಸು ಬದಲಾಯಿಸಬೇಕಿತ್ತು. ಮೊದಲ ದಿನ ಎರಡನೇ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹುಡುಗಿಯ ಕೈಯಲ್ಲಿ ನನ್ನ ಕೈಯಲ್ಲಿದ್ದಂಥದ್ದೇ ಅಡ್ಮಿಷನ್ ಚೀಟಿ ಇತ್ತು. ಯಾವ ಡಿಪಾರ್ಟ್‌ಮೆಂಟ್ ಎಂದು ಕೇಳಿದೆ. ಭೂಗೋಳ ಎಂದಳು. ಇಬ್ಬರಿಗೂ ನಗು ಬಂತು, ಯಾಕೆಂದರೆ ಅಲ್ಲಿಯವರೆಗೆ ಇಬ್ಬರೂ ಆ ವರ್ಷ ಭೂಗೋಳಕ್ಕೆ ಸೇರಿದವರು ತಾವೊಬ್ಬರೇ ಅಂದುಕೊಂಡಿದ್ದೆವು.

"ಮನೆ ಎಲ್ಲಿ?" ಅಂದೆ.

"ಓಕಳಿಪುರಂ. ಗೊತ್ತಲ್ಲ? ಸ್ಟೇಷನ್ನಿಗೆ ಬರೋ ಟ್ರೇನೆಲ್ಲಾ ಸಿಗ್ನಲ್ ಸಿಗದೆ ಮೊದ್ಲು ನಮ್ಮನೆ ಹಿಂದೇನೇ ನಿಲ್ಲೋದು. ಊರಿಗೆ ಬರೋರನ್ನೆಲ್ಲಾ ಫಸ್ಟ್ ನೋಡೋರು ನಾವೇ."

ಆ ಬಸ್ಸಿನಲ್ಲಿ ಶುರುವಾದ ಸ್ನೇಹ ಇವತ್ತಿಗೂ ಇದೆ. ಅವಳ ತಂದೆ ಆಗಲೇ ತೀರಿಕೊಂಡಿದ್ದರು. ತಾಯಿ ಮುಂಜಾನೆ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದು, ತಳ್ಳುಗಾಡಿಯಲ್ಲಿ ಬೀದಿ ಬೀದಿ ಮಾರುತ್ತಿದ್ದರು. ಕೆಳಗೆ ಒಬ್ಬ ತಮ್ಮ, ಒಬ್ಬಳು ತಂಗಿ. ಅವಳು ಇದನ್ನೆಲ್ಲ ಒಂದು ನಿಟ್ಟುಸಿರೂ ಇಲ್ಲದೆ, ಹವಾಮಾನ ವರದಿ ಓದುವವರ ಹಾಗೆ ಹೇಳುತ್ತಿದ್ದಳು.

ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ನಕಾಶೆಗಳ ಕೋಣೆ. ಬಟ್ಟೆಗೆ ಅಂಟಿಸಿದ ದೊಡ್ಡ ದೊಡ್ಡ ನಕಾಶೆಗಳನ್ನು ಕೋಲಿಗೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಿರುತ್ತಿದ್ದರು. ಬಿಚ್ಚಿದರೆ ನುಸಿಗುಳಿಗೆಯ ವಾಸನೆ. ಗಾಜಿನ ಮೇಜೊಂದಿತ್ತು, ಕೆಳಗೆ ಟ್ಯೂಬ್‌ಲೈಟ್. ಅದರ ಮೇಲೆ ಹಳೇ ನಕಾಶೆ, ಅದರ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಗೆರೆಗಳನ್ನು ನಕಲು ಮಾಡಬೇಕು. ಕರೆಂಟ್ ಹೋದರೆ ಕೆಲಸ ನಿಂತುಹೋಗುತ್ತಿತ್ತು, ಆಗ ಎಲ್ಲರೂ ಕಿಟಕಿಯ ಬಳಿ ಬಂದು ಕಡಲೆಕಾಯಿ ತಿನ್ನುತ್ತಿದ್ದೆವು. ಈಗ ನನ್ನ ವಿದ್ಯಾರ್ಥಿಗಳು ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಎಷ್ಟು ಬೇಗ ಮುಗಿಸುತ್ತಾರೆಂದರೆ ಅವರಿಗೆ ಕಡಲೆಕಾಯಿ ತಿನ್ನುವಷ್ಟೂ ಬಿಡುವಾಗುವುದಿಲ್ಲ.

ನಮಗೆ ಹವಾಮಾನದ ಪಾಠ ಮಾಡುತ್ತಿದ್ದವರು ಮಲ್ಲೇಶ್ವರದ ಒಬ್ಬ ಪ್ರೊಫೆಸರ್. ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೇರೆ ಮೇಡಂಗಳಿದ್ದರೂ ಬರೀ "ಮೇಡಂ" ಎಂದರೆ ಅವರೇ. ಹತ್ತಿ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬರುತ್ತಿದ್ದರು. ತುಂಬ ಬಿಗಿ. "ಸುಮಾರಾಗಿ", "ಬಹುಶಃ", "ತುಂಬ" ಎಂಬ ಮಾತುಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಉತ್ತರಪತ್ರಿಕೆಯಲ್ಲಿ ಅವುಗಳ ಸುತ್ತ ಕೆಂಪು ಸೊನ್ನೆ ಸುತ್ತಿ ವಾಪಸು ಕೊಡುತ್ತಿದ್ದರು.

ಕೊನೆಯ ವರ್ಷದ ಪರೀಕ್ಷೆಗೆ ಮುಂಚೆ, ಏಪ್ರಿಲ್ ತಿಂಗಳಲ್ಲಿ, ಜೊತೆಯಾಗಿ ಓದೋಣ ಎಂದು ಗೆಳತಿಯ ಮನೆಗೆ ಹೋದೆ. ರೈಲ್ವೆ ಗೋಡೆಗೆ ಒತ್ತಿಕೊಂಡ ಗಲ್ಲಿ, ಎರಡೂ ಕಡೆ ಶೀಟಿನ ಮನೆಗಳು. ಮಧ್ಯಾಹ್ನದ ಹೊತ್ತಿಗೆ ಆ ಮನೆಯೊಳಗೆ ಕೂರುವುದೇ ಕಷ್ಟವಾಯಿತು. ತಲೆಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಹಿಡಿದಂತೆ. ಅವಳ ತಾಯಿ ಏಣಿ ಹತ್ತಿ ಶೀಟಿನ ಮೇಲೆ ನೀರಲ್ಲಿ ಅದ್ದಿದ ಗೋಣಿಚೀಲ ಹಾಸುತ್ತಿದ್ದರು, ನಾವು ಕೆಳಗಿನಿಂದ ಬಕೆಟ್ ಎತ್ತಿ ಕೊಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಗೋಣಿಚೀಲ ಒಣಗಿ ಗರಿಗರಿಯಾಗುತ್ತಿತ್ತು. ಆಕೆ ನನ್ನ ಕೆಂಪಾದ ಮುಖ ನೋಡಿ, "ಪಾಪ, ಈ ಮಗೂಗೆ ಅಭ್ಯಾಸ ಇಲ್ಲ. ಮಜ್ಜಿಗೆ ಕೊಡೇ" ಎಂದರು.

ಸಾಯಂಕಾಲ ನಮ್ಮ ಕಾಲೋನಿಯ ಸ್ಟಾಪಿನಲ್ಲಿ ಇಳಿದೆ. ಮರಗಳ ಕೆಳಗೆ ಕಾಲಿಟ್ಟೆ ನೋಡಿ, ಕತ್ತಿನ ಹಿಂದೆ ಒದ್ದೆ ಬಟ್ಟೆ ಇಟ್ಟ ಹಾಗಾಯಿತು. ಹುಟ್ಟಿದಾಗಿನಿಂದ ಅದೇ ಬೀದಿಯಲ್ಲಿ ನಡೆದಿದ್ದೇನೆ. ಆ ತಂಪು ಅಲ್ಲಿದೆ ಎಂದು ಅವತ್ತಿನವರೆಗೆ ನನಗೆ ಗೊತ್ತೇ ಇರಲಿಲ್ಲ. ಮನೆಗೆ ಹೋದವಳೇ ಅವಳಿಗೆ ಫೋನ್ ಮಾಡಿ ಹೇಳಿದೆ.

"ನಿಮ್ಮ ಏರಿಯಾಗೆ ಬೇರೆ ಸೂರ್ಯ ಬರ್ತಾನೆ ಬಿಡು" ಎಂದು ನಕ್ಕಳು.

ಈ ಮಾತನ್ನು ಮೇಡಂಗೆ ಹೇಳಿದೆ. ಅವರು ನಗಲಿಲ್ಲ. "ಎಷ್ಟು ವ್ಯತ್ಯಾಸ?" ಎಂದರು.

"ತುಂಬ ಮೇಡಂ."

"ತುಂಬ ಅನ್ನೋದು ನನಗೆ ಅರ್ಥ ಆಗಲ್ಲ. ಅಳೆದುಕೊಂಡು ಬಾ."

ಅಲ್ಲಿಂದ ನನ್ನ ಪಿಎಚ್.ಡಿ. ಹುಟ್ಟಿಕೊಂಡಿತು. ನಮ್ಮ ಕಾಲೋನಿ ಇರುವ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ಓಕಳಿಪುರಂ, ಇವುಗಳ ಬೀದಿಗಳಲ್ಲಿ ಗಾಳಿಯ ಬಿಸಿ ಹೇಗೆ ಬೇರೆ ಬೇರೆಯಾಗಿರುತ್ತದೆ, ಯಾಕೆ, ಎಂಬುದು ವಿಷಯ. ನ್ಯಾಯವಾಗಿ ಅದು ಇಬ್ಬರಿಗೂ ಸೇರಿದ ವಿಷಯ. ಆದರೆ ಎಂ.ಎಸ್ಸಿ. ಮುಗಿಯುತ್ತಿದ್ದಂತೆ ಗೆಳತಿ ಮಲ್ಲೇಶ್ವರದ ಒಂದು ಶಾಲೆಯಲ್ಲಿ ಟೀಚರ್ ಆಗಿ ಸೇರಿಕೊಂಡಳು.

"ಮನೇಲಿ ಈಗ ನಾನು ದುಡೀಲೇಬೇಕು ಕಣೇ. ಅಮ್ಮಂಗೆ ಮಂಡಿನೋವು, ಮೊದ್ಲಿನ ಹಾಗೆ ಗಾಡಿ ತಳ್ಳೋಕಾಗಲ್ಲ" ಎಂದಳು. ಆಮೇಲೆ, "ಆದ್ರೆ ಅಳೆಯೋಕೆ ನಾನೂ ಬರ್ತೀನಿ. ನೀನೊಬ್ಳೇ ಎಷ್ಟು ಕಡೆ ನಿಲ್ತೀಯಾ?" ಎಂದಳು.

ಅದು ನಿಜವೇ ಆಗಿತ್ತು. ಎರಡು ಬೀದಿಗಳನ್ನು ಹೋಲಿಸಬೇಕಾದರೆ ಎರಡು ಕಡೆಯೂ ಒಂದೇ ಹೊತ್ತಿಗೆ ಅಳೆಯಬೇಕು. ಡಿಪಾರ್ಟ್‌ಮೆಂಟಿನಿಂದ ಎರಡು ಉಪಕರಣ ಸಿಕ್ಕವು. ಮರದ ಚೌಕಟ್ಟಿಗೆ ಕೂಡಿಸಿದ ಜೋಡಿ ಥರ್ಮಾಮೀಟರ್, ಒಂದರ ಬುಡಕ್ಕೆ ಒದ್ದೆ ಬಟ್ಟೆ. ಹಿಡಿಕೆ ಹಿಡಿದು ಗಾಳಿಯಲ್ಲಿ ಗಿರಗಿರ ತಿರುಗಿಸಿ, ನಿಲ್ಲಿಸಿ, ತಕ್ಷಣ ಓದಿಕೊಳ್ಳಬೇಕು. ಆಗ ನಮ್ಮಿಬ್ಬರದೂ ಗುಂಡಿಯ ಫೋನು. ಹೊತ್ತು ಹೊಂದಿಸಿಕೊಳ್ಳುವುದಕ್ಕೆ ಒಂದು ಉಪಾಯ ಮಾಡಿಕೊಂಡೆವು. ನಾನು ಒಂದು ಮಿಸ್ಡ್ ಕಾಲ್ ಕೊಟ್ಟರೆ ತಿರುಗಿಸಲು ಶುರು, ಇನ್ನೊಂದು ಕೊಟ್ಟರೆ ನಿಲ್ಲಿಸಬೇಕು. ಅವಳು ಬೆಳಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ, ರಜಾದಿನಗಳಲ್ಲಿ ಮಧ್ಯಾಹ್ನ ಬಂದು ನಿಲ್ಲುತ್ತಿದ್ದಳು.

ಬೀದಿಯಲ್ಲಿ ನಿಂತು ಇಂಥದ್ದನ್ನು ತಿರುಗಿಸುವ ಹೆಂಗಸನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಮಲ್ಲೇಶ್ವರದಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು "ಸೊಳ್ಳೆ ಓಡಿಸೋದೇನವ್ವಾ ಅದು?" ಎಂದು ಕೇಳಿದರು. ಗಾಂಧಿ ಬಜಾರಿನಲ್ಲಿ ಬೈಕಿಗೆ ಒರಗಿ ನಿಂತಿದ್ದ ಹುಡುಗನೊಬ್ಬ ಸ್ನೇಹಿತನಿಗೆ, "ಮಗಾ, ಬೀದಿಗೆ ಜ್ವರ ನೋಡ್ತಾವ್ರೆ ನೋಡೋ" ಎಂದ. ಚಾಮರಾಜಪೇಟೆಯ ಅನುಭವವೇ ಬೇರೆ. ಅಲ್ಲಿ ನಾನು ಉಪಕರಣ ಹೊರಗೆ ತೆಗೆದರೆ ಸಾಕು, ಎದುರುಮನೆಯ ಹಿರಿಯರೊಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಗೇಟಿನ ಹೊರಗೆ ಬರುತ್ತಿದ್ದರು.

"ಯಾವ ಆಫೀಸಮ್ಮಾ?"

"ಆಫೀಸಲ್ಲ ಸಾರ್, ಯೂನಿವರ್ಸಿಟಿ. ಬಿಸಿಲು ಅಳೀತಿದೀನಿ."

"ನೋಡಿ, ನಿಜ ಹೇಳ್ಬಿಡಿ. ರಸ್ತೆ ಅಗಲ ಮಾಡ್ತೀರಾ? ನಮ್ಮ ಕಾಂಪೌಂಡ್ ಹೋಗುತ್ತಾ?"

ಎಷ್ಟು ಹೇಳಿದರೂ ನಂಬಲಿಲ್ಲ. ಆದರೂ ಪ್ರತಿಸಲ ಒಳಗಿನಿಂದ ಒಂದು ಕುರ್ಚಿ ತರಿಸಿ ಹಾಕಿಸುತ್ತಿದ್ದರು, ಕುಡಿಯಲು ನೀರು ಕೊಡುತ್ತಿದ್ದರು. ಮಳೆಗಾಲ ಶುರುವಾದ ಮೇಲೆ ಒಂದು ದಿನ, "ಬಿಸಿಲೇ ಇಲ್ವಲ್ಲಮ್ಮಾ, ಈಗೇನು ಅಳೀತೀಯಾ?" ಎಂದು ಕೇಳಿದಾಗ, ಬಹುವಚನ ಹೋಗಿ ಏಕವಚನ ಬಂದಿದ್ದನ್ನು ಕೇಳಿ ನನಗೆ ಖುಷಿಯಾಯಿತು. ಅವತ್ತಿನಿಂದ ಕಾಂಪೌಂಡಿನ ಮಾತು ನಿಂತಿತು.

ಮಧ್ಯಾಹ್ನದ ಲೆಕ್ಕ ನಾವು ಅಂದುಕೊಂಡಂತೆಯೇ ಬರುತ್ತಿತ್ತು. ಮರವಿರುವ ಬೀದಿ ತಂಪು, ಓಕಳಿಪುರಂ ಬಿಸಿ. ತೊಂದರೆ ಕೊಟ್ಟಿದ್ದು ಬೆಳಗಿನ ಜಾವ. ಚಳಿಗಾಲದ ಕೊನೆಯಲ್ಲಿ, ಸೂರ್ಯ ಹುಟ್ಟುವ ಮುಂಚೆ ಅಳೆದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗೆಳತಿಯ ಗಲ್ಲಿಯ ಕೊನೆ, ಅಂದರೆ ರೈಲ್ವೆ ಗೋಡೆಯ ಪಕ್ಕ, ನಮ್ಮ ಕಾಲೋನಿಗಿಂತ ತಂಪಾಗಿತ್ತು! ಮರುದಿನ ಮತ್ತೆ ಅಳೆದೆವು. ಹಾಗೆಯೇ. ಅವಳ ಥರ್ಮಾಮೀಟರ್ ಕೆಟ್ಟಿದೆ ಎಂದು ನಾನು, ನನ್ನದು ಕೆಟ್ಟಿದೆ ಎಂದು ಅವಳು. ಅದಲುಬದಲು ಮಾಡಿಕೊಂಡು ಅಳೆದೆವು. ಆಗಲೂ ಹಾಗೆಯೇ.

ನನಗೆ ಗಾಬರಿಯಾಯಿತು. ಮರವಿದ್ದರೆ ತಂಪು ಎಂಬ ಒಂದೇ ಕಂಬದ ಮೇಲೆ ನನ್ನ ಇಡೀ ಪ್ರಬಂಧ ನಿಂತಿತ್ತು. ಗೆಳತಿಗೆ ಮಾತ್ರ ಸಂಭ್ರಮ. "ಹೋಗ್ಲಿ ಬಿಡೇ, ನಮ್ಮ ಗಲ್ಲೀನೂ ಒಂದ್ಸಲ ಗೆಲ್ಲಲಿ" ಎಂದಳು.

ಆ ದಿನಗಳಲ್ಲಿ ಮೇಡಂ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮನೆಯಲ್ಲಿದ್ದರು. ಬ್ಯಾಂಡೇಜಿನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಕಿಟಕಿಯ ಬೆಳಕಿಗೆ ನನ್ನ ಅಂಕಿಗಳನ್ನು ಹಿಡಿದು ಬಹಳ ಹೊತ್ತು ನೋಡಿದರು. ನಾನು ಬೈಗುಳಕ್ಕೆ ಸಿದ್ಧವಾಗಿ ಕೂತಿದ್ದೆ. ಅವರು ಕನ್ನಡಕ ತೆಗೆದು, "ಎಷ್ಟು ಚೆನ್ನಾಗಿದೆ!" ಎಂದರು. ಆಮೇಲೆ, "ನಾನೇ ಬಂದು ನೋಡ್ತೀನಿ" ಎಂದರು.

ಅವರ ಜೊತೆಗಿದ್ದ ತಂಗಿ ಒಳಗಿನಿಂದ ಓಡಿಬಂದರು. "ಅಕ್ಕಾ, ನಿಂಗೆ ತಲೆ ಕೆಟ್ಟಿದ್ಯಾ? ಈ ಕಾಲಲ್ಲಿ, ಆ ಚಳೀಲಿ?"

"ಆಟೋದಲ್ಲಿ ಹೋಗಿ ಆಟೋದಲ್ಲಿ ಬರ್ತೀನಿ. ನಡೆಯೋದೇನಿದೆ?"

ಯಾರ ಮಾತನ್ನೂ ಕೇಳುವ ಹೆಂಗಸಲ್ಲ ಅವರು. ಹೀಗಾಗಿ ಒಂದು ಭಾನುವಾರಕ್ಕೆ ಏರ್ಪಾಡಾಯಿತು. ಈ ಸಲ ಯಾರ ಕೈಯ ಮೇಲೂ ಅನುಮಾನ ಉಳಿಯಬಾರದೆಂದು ನಾವಿಬ್ಬರೂ ಜಾಗ ಬದಲಾಯಿಸಬೇಕು ಎಂದು ಮೇಡಂ ಅಪ್ಪಣೆ ಮಾಡಿದರು. ಗೆಳತಿ ಹಿಂದಿನ ದಿನವೇ ನಮ್ಮ ಮನೆಗೆ ಬಂದು ಉಳಿದಳು, ಬೆಳಿಗ್ಗೆ ನಮ್ಮ ಬೀದಿಯಲ್ಲಿ ಅವಳು ಅಳೆಯುವುದು. ನಾನು ಮೇಡಂ ಮನೆಯಲ್ಲಿ ಉಳಿದು, ಅವರನ್ನು ಕರೆದುಕೊಂಡು ಓಕಳಿಪುರಂಗೆ ಹೋಗುವುದು.

ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಆಟೋ ಗಲ್ಲಿಯ ಬಾಯಿಗೆ ಬಂದು ನಿಂತಿತು. ಗೆಳತಿಯ ತಾಯಿ ಆಗತಾನೇ ಮಾರ್ಕೆಟ್ಟಿನಿಂದ ಬಂದಿದ್ದರು. ಸೊಪ್ಪಿನ ಮೂಟೆ ಬಾಗಿಲಲ್ಲೇ ಇತ್ತು. ಪ್ರೊಫೆಸರ್ ಎಂದರೆ ಗಂಡಸರೇ ಇರಬಹುದೆಂದುಕೊಂಡಿದ್ದರೋ ಏನೋ, ಆಟೋದಿಂದ ಊರುಗೋಲು ಹಿಡಿದು ಇಳಿದ ಮುದುಕಿಯನ್ನು ಕಂಡು ಮಂಡಿನೋವನ್ನೂ ಮರೆತು ಓಡಿಬಂದು ತೋಳು ಹಿಡಿದರು.

"ಅಯ್ಯೋ ಬನ್ನಿಯಮ್ಮಾ, ನಿಧಾನ. ಇಷ್ಟು ಚಳೀಲಿ ಕಿವೀಗೊಂದು ಬಟ್ಟೇನೂ ಕಟ್ಕೊಂಡಿಲ್ವಲ್ಲ" ಎನ್ನುತ್ತ ತಮ್ಮ ಹೆಗಲ ಮೇಲಿದ್ದ ಟವೆಲ್ಲನ್ನೇ ಮೇಡಂ ತಲೆಗೆ ಸುತ್ತಿಬಿಟ್ಟರು. ಕೊತ್ತಂಬರಿ ಸೊಪ್ಪಿನ ವಾಸನೆಯ ಟವೆಲ್ಲು. ಇಡೀ ವಿಶ್ವವಿದ್ಯಾಲಯ ಹೆದರುತ್ತಿದ್ದ ನಮ್ಮ ಮೇಡಂ ಕೊಸರಾಡದೆ ತಲೆ ಬಗ್ಗಿಸಿ ಸುತ್ತಿಸಿಕೊಂಡರು.

ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಗೋಡೆಯಾಚೆ ಹಳಿಗಳ ಬಯಲು, ಅದರಾಚೆ ಮಂಜು. ಬ್ರಷ್ಷು ಬಾಯಲ್ಲಿಟ್ಟುಕೊಂಡ ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ನಾನು ಉಪಕರಣ ತೆಗೆದರೆ ಮೇಡಂ ಕೈ ಚಾಚಿ, "ಕೊಡಿಲ್ಲಿ" ಎಂದರು. ಒಂದು ಕೈಯನ್ನು ನನ್ನ ಭುಜದ ಮೇಲೆ ಊರಿ ಎದ್ದು ನಿಂತು, ಇನ್ನೊಂದು ಕೈಯಿಂದ ತಾವೇ ತಿರುಗಿಸಿದರು. ನಾನು ಅತ್ತ ಮಿಸ್ಡ್ ಕಾಲ್ ಕೊಟ್ಟೆ. ಸಿಗ್ನಲ್ಲಿಗೆ ಕಾದು ನಿಂತಿದ್ದ ರೈಲಿನ ಕಿಟಕಿಯಿಂದ ನಿದ್ದೆಗಣ್ಣಿನ ಪ್ರಯಾಣಿಕರು ಇಣುಕಿ ನೋಡಿದರು. ಟವೆಲ್ ಸುತ್ತಿಕೊಂಡ ಹೆಂಗಸೊಬ್ಬಳು ನಸುಕಿನಲ್ಲಿ ಗಿಲಕಿ ತಿರುಗಿಸುತ್ತಿರುವುದನ್ನು ಕಂಡು ಬೆಂಗಳೂರಿನ ಬಗ್ಗೆ ಅವರು ಏನೆಂದುಕೊಂಡರೋ.

ಓದಿ ಬರೆದುಕೊಂಡ ಮೇಲೆ ಗೆಳತಿಯ ಮೊಬೈಲಿಗೆ ಫೋನ್ ಮಾಡಿದೆ. ಎತ್ತಿಕೊಂಡವರು ಅಪ್ಪ!

"ನೀವ್ಯಾಕಪ್ಪಾ ಎದ್ದಿದೀರಾ?"

"ಮತ್ತೆ ಆ ಹುಡುಗೀನ ಒಬ್ಳೇ ಕತ್ತಲಲ್ಲಿ ಬೀದೀಲಿ ನಿಲ್ಲಿಸ್ಲಾ? ಟಾರ್ಚ್ ಹಿಡಿದಿದ್ದೀನಿ. ಇರು, ಅವಳು ಬರ್ಕೊಂಡು ಹೇಳ್ತಾಳೆ. ಬೆರಳು ತಾಗ್ಬಾರದಂತೆ, ತಾಗಿದ್ರೆ ಬಿಸಿ ಜಾಸ್ತಿ ತೋರ್ಸುತ್ತಂತೆ" ಎಂದು ನನಗೇ ಪಾಠ ಹೇಳಿದರು. ಆಮೇಲೆ ಗೆಳತಿಯ ಧ್ವನಿಯಲ್ಲಿ ಅಂಕಿ ಬಂತು. ನಮ್ಮದನ್ನು ಹೇಳಿದೆ. ಅತ್ತ ಕಡೆಯಿಂದ ಒಂದು ಕಿರುಚಾಟ.

"ಗೆದ್ವಲ್ಲೇ!"

ಮೇಡಂ ಕುರ್ಚಿಯಲ್ಲಿ ಕೂತು, ಸುತ್ತ ನಿಂತವರಿಗೆಲ್ಲ ಕೇಳುವಂತೆ ವಿವರಿಸಿದರು. ಹಗಲೆಲ್ಲ ಕಾದ ನೆಲ ರಾತ್ರಿ ಆ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ದಟ್ಟ ಮರಗಳಿದ್ದರೆ ಆ ಬಿಸಿ ಎಲೆಗಳ ಕೆಳಗೇ ಉಳಿದುಕೊಳ್ಳುತ್ತದೆ, ಕಂಬಳಿ ಹೊದ್ದವರ ಹಾಗೆ. ಇಲ್ಲಿ ಹಳಿಗಳ ಬಯಲಿಗೆ ಮುಚ್ಚಳವೇ ಇಲ್ಲ. ಅದಕ್ಕೇ ಬೆಳಗಿನ ಜಾವಕ್ಕೆ ಇಷ್ಟು ತಣ್ಣಗಾಗುತ್ತದೆ. ಬಿಸಿಲೇರಿದರೆ ಶೀಟುಗಳು ಕಾದು ಎಲ್ಲ ತಿರುಗುಮುರುಗು. "ಇದನ್ನ ಬಿಟ್ಟು ಬರೀಬೇಡ" ಎಂದು ನನ್ನ ಕಡೆ ತಿರುಗಿದರು. "ಇದಕ್ಕೇ ಒಂದು ಅಧ್ಯಾಯ ಕೊಡು."

ಗೆಳತಿಯ ತಾಯಿ ಸ್ಟೀಲ್ ಲೋಟದಲ್ಲಿ ಟೀ ತಂದುಕೊಟ್ಟರು. ಕುಡಿಯುತ್ತ ಮೇಡಂ ಅವರಿಗೆ ಹೇಳಿದರು: "ನಿಮ್ಮ ಮಗಳೂ ರಿಸರ್ಚ್ ಮಾಡ್ಬೇಕಲ್ಲಮ್ಮಾ. ಅವಳಿಗೆ ಆ ಕಣ್ಣಿದೆ."

"ಮಾಡ್ಲಿ ಬಿಡಿಯಮ್ಮಾ, ನಾನೇನು ಬೇಡ ಅಂದ್ನಾ? ಚಿಕ್ಕವೆರಡು ಒಂದು ದಾರಿಗೆ ಬರ್ಲಿ, ಆಮೇಲೆ ಅವಳಿಷ್ಟ."

ನನ್ನ ಪ್ರಬಂಧ ಮುಗಿಯಿತು. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ಆ ಗಲ್ಲಿಯ ಅಧ್ಯಾಯದ ಬಗ್ಗೆಯೇ. ಶಾಲೆಗೆ ರಜೆ ಹಾಕಿ ಬಂದಿದ್ದ ಗೆಳತಿ ಹಿಂದಿನ ಬೆಂಚಿನಲ್ಲಿ ಕೂತು, ನಾನು ಸರಿಯಾಗಿ ಉತ್ತರಿಸಿದಾಗಲೆಲ್ಲ ಪಕ್ಕದವರಿಗೆ ಕಾಣುವಂತೆ ತಲೆಯಾಡಿಸುತ್ತಿದ್ದಳು. ನನಗೆ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಮೇಡಂ ನಿವೃತ್ತರಾದರು. ಆದರೂ ಯುಗಾದಿಗೆ, ಗೌರಿ ಹಬ್ಬಕ್ಕೆ ನಾವಿಬ್ಬರೂ ಅವರ ಮನೆಗೆ ಹೋಗುವುದು ನಿಲ್ಲಲಿಲ್ಲ. ಬಾಗಿಲು ತೆಗೆದವರೇ ಗೆಳತಿಯನ್ನು ಕೇಳುವ ಮೊದಲ ಪ್ರಶ್ನೆ: "ಅರ್ಜಿ ಹಾಕಿದ್ಯಾ?" ಅವಳು "ಇಲ್ಲ ಮೇಡಂ, ತಂಗಿ ಓದು ಮುಗೀಲಿ" ಎನ್ನುವಳು. ಇನ್ನೊಂದು ಹಬ್ಬಕ್ಕೆ, "ತಮ್ಮನಿಗೆ ಕೆಲಸ ಆಗ್ಲಿ" ಎನ್ನುವಳು. ಮೇಡಂ "ಆಗ್ಲಿ, ಒಳಗೆ ಬಾ" ಎನ್ನುವರು. ವರ್ಷಗಳು ಹೀಗೇ ಹೋದವು. ಕೊನೆಗೊಂದು ಯುಗಾದಿಗೆ, ಅವರು ಕೇಳುವ ಮುಂಚೆಯೇ ಇವಳು "ಹಾಕಿದೆ ಮೇಡಂ" ಎಂದಳು. ಆಗ ಅವರು ಹಾಸಿಗೆ ಹಿಡಿದಿದ್ದರು. ಮಾತು ಕಡಿಮೆಯಾಗಿತ್ತು. ಅವಳ ಕೈ ಹಿಡಿದುಕೊಂಡು, "ಮನೆಯೊಳಗೆ ಅಳೆ. ಅವಳು ಬೀದೀಲೇ ನಿಂತುಬಿಟ್ಳು" ಎಂದು ನನ್ನತ್ತ ನೋಡಿ ನಕ್ಕರು. ಆ ಮಳೆಗಾಲ ಅವರು ಹೋದರು.

ಗೆಳತಿ ಹಾಗೆಯೇ ಮಾಡಿದಳು. ಶೀಟಿನ ಮನೆ, ತಾರಸಿ ಮನೆ, ಹಳೇ ಹೆಂಚಿನ ಮನೆ, ಇವುಗಳೊಳಗೆ ಜನ ಮಲಗುವ, ಅಡುಗೆ ಮಾಡುವ ಜಾಗದಲ್ಲಿ ಎಷ್ಟು ಬಿಸಿ ಇರುತ್ತದೆ ಎಂಬುದು ಅವಳ ವಿಷಯ. ಈಗ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಉಪಕರಣಗಳು ಬಂದಿವೆ. ಗೋಡೆಗೆ ನೇತುಹಾಕಿ ಬಂದರೆ ತಿಂಗಳುಗಟ್ಟಲೆ ತಾವೇ ಅಳೆದುಕೊಂಡು ಕೂರುತ್ತವೆ. ಕೈ ನೋಯುವುದಿಲ್ಲ, ಯಾರೂ ಏನೆಂದು ಕೇಳುವುದಿಲ್ಲ. ನನಗೆ ಅದನ್ನು ಕಂಡರೆ ಸ್ವಲ್ಪ ಬೇಸರವೇ. ಗೆಳತಿ ಮಾತ್ರ, "ನಿಂಗೆ ಬೀದೀಲಿ ನಿಂತು ಹರಟೆ ಹೊಡೆಯೋಕೆ ಒಂದು ನೆಪ ಬೇಕಿತ್ತು, ಅಷ್ಟೇ" ಎನ್ನುತ್ತಾಳೆ.

ಹೋದ ವರ್ಷ ಅವಳ ವೈವಾ ಆಯಿತು. ಕೂದಲು ಅರ್ಧ ಬೆಳ್ಳಗಾದ ಅಭ್ಯರ್ಥಿ, ಅವಳಿಗಿಂತ ಕಿರಿಯರಾದ ಪರೀಕ್ಷಕರು. ತಾಯಿಯನ್ನು ಅವಳ ತಮ್ಮನೇ ಕಾರಿನಲ್ಲಿ ಕರೆತಂದಿದ್ದ. ಆಕೆ ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂತರು. ಪ್ರಶ್ನೆಗಳು ಶುರುವಾಗಿ ಪರೀಕ್ಷಕರ ಧ್ವನಿ ಏರಿದಾಗ ನನ್ನ ಕಿವಿಯಲ್ಲಿ ಕೇಳಿದರು:

"ಬೈತಾವ್ರಾ?"

"ಇಲ್ಲಮ್ಮಾ, ಪ್ರಶ್ನೆ ಕೇಳ್ತಿದಾರೆ."

"ಇವಳು ಹೇಳ್ತಾವ್ಳಾ?"

"ಚೆನ್ನಾಗಿ ಹೇಳ್ತಿದಾಳೆ."

ಆಮೇಲೆ ಆಕೆ ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ಚಪ್ಪಾಳೆಯ ಸದ್ದಿಗೇ ಎಚ್ಚರವಾಗಿದ್ದು.

ಮರುದಿನ ಬೆಳಿಗ್ಗೆ ವಿರಾಮದ ಹೊತ್ತಿಗೆ ಶಾಲೆಯಿಂದ ಗೆಳತಿಯ ಫೋನು. ಹಿಂದೆ ಮಕ್ಕಳ ಗದ್ದಲ.

"ಏನ್ ಡಾಕ್ಟ್ರೇ?" ಎಂದೆ.

"ಅಯ್ಯೋ ಸುಮ್ನಿರೇ. ಇಲ್ಲಿ ಯಾರೂ ಹಾಗನ್ನಲಿಲ್ಲ. ಕ್ಲಾಸಿಗೆ ಹೋದ ತಕ್ಷಣ, ಮಿಸ್, ಮ್ಯಾಪ್ ಪ್ರಶ್ನೆಗೆ ನದಿ ಮಾತ್ರ ಕಲಿತ್ರೆ ಸಾಕಾ, ಬೆಟ್ಟಾನೂ ಕಲೀಬೇಕಾ ಅಂದ್ವು."

"ನೀನೇನಂದೆ?"

"ಎರಡೂ ಅಂದೆ. ಸರಿ, ಬೆಲ್ ಆಯ್ತು, ಇಡ್ತೀನಿ" ಎಂದಳು.